ಹೆಂಗಸರ ಗೇಟೂ ಸಸ್ಪೆನ್ಸ್ ಪಿಕ್ಚರೂ

ಟಾಕೀಸಿನ ಗೇಟಿನಲ್ಲಿ ನಿಲ್ಲುವವರಿಗೆ ಸಿನಿಮಾದ ಕೊನೆ ಮೊದಲು ಗೊತ್ತಾಗುತ್ತದೆ, ಮೊದಲು ಕೊನೆಗೆ ಗೊತ್ತಾಗುತ್ತದೆ. ಈಗ ಮಾಲುಗಳಲ್ಲಿ ಸಮವಸ್ತ್ರ ಹಾಕಿಕೊಂಡು ಈ ಕೆಲಸಕ್ಕೆ ಸೇರುತ್ತಿರುವ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾದ ಮೊದಲ ಮಾತು ಇದೇ. ಪಿಕ್ಚರ್ ಶುರುವಾಗುವಾಗ ನಾವು ತಡವಾಗಿ ಬಂದವರ ಟಿಕೆಟ್ ಹರಿಯುತ್ತಿರುತ್ತೇವೆ. ಮುಗಿಯುವ ಹೊತ್ತಿಗೆ ಬಾಗಿಲು ತೆಗೆಯಲು ಒಳಗೆ ಬಂದು ನಿಂತಿರಬೇಕು. ಹಾಗಾಗಿ ಶುಕ್ರವಾರ ಬಂದ ಪಿಕ್ಚರಿನ ಕೊನೆಯ ರೀಲನ್ನು ನಾನು ಶುಕ್ರವಾರವೇ ನೋಡುತ್ತಿದ್ದೆ. ನಡುವಿನದು ಶನಿವಾರ, ಭಾನುವಾರ ಚೂರುಚೂರಾಗಿ ಸಿಗುತ್ತಿತ್ತು. ಹೆಸರು ತೋರಿಸುವ ಭಾಗವನ್ನಂತೂ ಎಷ್ಟೋ ಪಿಕ್ಚರುಗಳಲ್ಲಿ ನೋಡಿಯೇ ಇಲ್ಲ.

ಕೊಂದವನು ಯಾರೆಂದು ತಿಳಿದುಕೊಂಡು ಆಮೇಲೆ ಕೊಲೆ ನೋಡುವವರು ನಾವು. ಅಂಥವರಿಗೆ ಸಸ್ಪೆನ್ಸ್ ಪಿಕ್ಚರಿನ ಗೊಡವೆ ಯಾಕೆ ಅಂತ ನೀವು ಕೇಳಬಹುದು. ಆದರೆ ಯಾವುದು ನಿಜವಾದ ಸಸ್ಪೆನ್ಸು, ಯಾವುದು ಅಲ್ಲ, ಇದ್ದುದರಲ್ಲಿ ಒಳ್ಳೆಯದು ಯಾವುದು ಅನ್ನುವುದಕ್ಕೆ ನಾನು ಕಾದಾಡಿದಷ್ಟು ನನ್ನ ಪಾಲಿನ ಹೊಲಕ್ಕೂ ಕಾದಾಡಿಲ್ಲ. ಅದಕ್ಕೆ ಕಾರಣ ಪಿಕ್ಚರಲ್ಲ, ಶಿರಾದ ಜೈತೂನ್‌ಬಿ. ಅವಳ ಮೇಲಿನ ಹೊಟ್ಟೆಕಿಚ್ಚಿನಲ್ಲೇ ನನ್ನ ಅರ್ಧ ಸರ್ವೀಸು ಕಳೆಯಿತು.

ನಾನು ಹುಲಿಕುಂಟೆ ಕಡೆಯವಳು. ಮದುವೆಯಾಗಿ ಮಧುಗಿರಿಗೆ ಬಂದೆ. ನಮ್ಮ ಮನೆಯವರು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದರು. ಟಾಕೀಸಿನ ಸಾಹುಕಾರ್ ಮುದ್ದಪ್ಪನವರ ಸೈಕಲ್ ರಿಪೇರಿಗೆ ಅಲ್ಲಿಗೇ ಬರುತ್ತಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಒಂದು ದಿನ ಅವರು, "ಹೆಂಗಸರ ಗೇಟಿಗೆ ಓದುಬರಹ ಬಲ್ಲೋಳು ಒಬ್ಬಳು ಬೇಕಲ್ಲಯ್ಯ" ಅಂದರಂತೆ. ನಾನು ಏಳನೇ ಕ್ಲಾಸು ಪಾಸಾಗಿದ್ದೆ. ಇವರು ಮನೆಗೆ ಬಂದು ಕೇಳಿದರು. ನಾನು ಒಪ್ಪಿದೆ. ಬಿಟ್ಟಿ ಸಿನಿಮಾ ಅನ್ನುವ ಆಸೆಯೇ ಹೆಚ್ಚಿತ್ತು.

ಸಾಹುಕಾರರಿಗೆ ನಾಲ್ಕು ಊರಲ್ಲಿ ನಾಲ್ಕು ಜಾಗ. ಮಧುಗಿರಿ, ಶಿರಾದಲ್ಲಿ ಶೀಟು ಹೊದಿಸಿದ ಟಾಕೀಸುಗಳು. ಅಲ್ಲಿ ಮಧ್ಯಾಹ್ನದ ಆಟವೂ ಇರುತ್ತಿತ್ತು. ಕೊರಟಗೆರೆ, ಪಾವಗಡದಲ್ಲಿ ಟೆಂಟು. ಅಲ್ಲಿ ಬೆಳಕು ಆರಿದ ಮೇಲೆಯೇ ಆಟ. ನಾಲ್ಕಕ್ಕೂ ಸೇರಿ ರೀಲುಗಳ ಪೆಟ್ಟಿಗೆ ಒಂದೇ, ಅದು ಬಸ್ಸಿನ ಮೇಲೆ ಏರಿ ಊರಿಂದೂರಿಗೆ ಹೋಗುತ್ತಿತ್ತು. ನಮ್ಮಲ್ಲಿ ಓಡಿದ್ದೇ ಅಲ್ಲಿ ಓಡಬೇಕು, ಅಲ್ಲಿ ಓಡಿದ್ದೇ ನಮ್ಮಲ್ಲಿ.

ಕೆಲಸ ಅಂದರೆ ಟಿಕೆಟ್ ಹರಿಯುವುದು ಒಂದೇ ಅಂದುಕೊಳ್ಳಬೇಡಿ. ಹೆಂಗಸರ ಕ್ಲಾಸಿಗೂ ಗಂಡಸರ ಬೆಂಚಿಗೂ ನಡುವೆ ಎದೆಮಟ್ಟದ ಹಲಗೆ ಗೋಡೆ. ಆ ಕಡೆಯಿಂದ ಇಣುಕುವವರನ್ನು ಗದರಿಸಬೇಕು. ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಓಡಾಡಿಸಬೇಕು. ಕಿವಿಯ ಓಲೆ ಬಿತ್ತೆಂದರೆ ಟಾರ್ಚ್ ಹಿಡಿದು ಕಡ್ಲೆಕಾಯಿ ಸಿಪ್ಪೆಯಲ್ಲಿ ಹುಡುಕಬೇಕು. ಒಮ್ಮೆ ಕೊಳಾಲದ ಹೆಂಗಸೊಬ್ಬಳಿಗೆ ಇಂಟರ್ವೆಲ್ಲಿನಲ್ಲಿ ಹೆರಿಗೆ ನೋವು ಬಂತು. ಜಟಕಾ ತರಿಸಿ ಆಸ್ಪತ್ರೆಗೆ ಹೊರಟರೆ, ಹತ್ತುವಾಗಲೂ "ಆಮೇಲೇನಾಯ್ತು ಅಂತ ನೋಡ್ಕಂಡು ಬಂದು ಹೇಳಕ್ಕ" ಅಂದಳು. ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಹೇಳಿದೆ. ಗಂಡು ಮಗು. ಆ ದಿನ ನನಗೆ ಈ ಕೆಲಸದಲ್ಲಿ ನಾನೇ ಗಟ್ಟಿಗಿತ್ತಿ ಅನ್ನಿಸಿತ್ತು.

ಆ ಹೆಮ್ಮೆ ಬಹಳ ಕಾಲ ಉಳಿಯಲಿಲ್ಲ. ಒಂದು ಸಸ್ಪೆನ್ಸ್ ಪಿಕ್ಚರ್ ಬಂದಿತ್ತು. ಮದುವೆಮನೆಯಲ್ಲಿ ಮದುಮಗಳನ್ನು ಅದಲುಬದಲು ಮಾಡಿ ಕೊಲೆ ನಡೆಯುವ ಕಥೆ. ನಮ್ಮಲ್ಲಿ ಗಂಡಸರೇನೋ ಬಂದರು, ಹೆಂಗಸರ ಕ್ಲಾಸು ಭಣಗುಟ್ಟಿತು. ವಾರ ತುಂಬುವುದರೊಳಗೆ ಪೆಟ್ಟಿಗೆ ಕಟ್ಟಿ ಶಿರಾಕ್ಕೆ ಕಳಿಸಿದೆವು. ಅಲ್ಲಿ ಅದೇ ಪಿಕ್ಚರ್ ಎರಡನೆಯ ವಾರಕ್ಕೆ ಹೋಯಿತು. ಅದೂ ಹೆಂಗಸರಿಂದಲೇ.

ಸಾಹುಕಾರರು ನನ್ನನ್ನು ಕರೆಸಿದರು. ಸಿಟ್ಟೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು.

"ಏನಮ್ಮ ನಾಗರತ್ನ, ಅಲ್ಲಿ ನಿಲ್ತು, ಇಲ್ಲಿ ಯಾಕೆ ನಿಲ್ಲಲಿಲ್ಲ? ಜೈತೂನ್‌ಬಿ ಅದೇನೋ ಗೇಟಲ್ಲೇ ಅರ್ಧ ಕತೆ ಹೇಳ್ತಾಳಂತೆ. ನೀನೂ ಒಂದಿಷ್ಟು ಹಂಗೆ ಮಾಡಬಾರ್ದಾ?"

ಜೈತೂನ್‌ಬಿ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಹಾಗೆ, ನನ್ನನ್ನು ಅಳೆಯುವ ಸೇರಾಗಿ.

ಶಿರಾದಲ್ಲಿ ನನ್ನ ತಂಗಿಯ ಮನೆ. ಮಗುವಿನ ನಾಮಕರಣಕ್ಕೆ ಹೋದವಳು, ಊಟ ಮುಗಿದ ಕೂಡಲೇ ಮಧ್ಯಾಹ್ನದ ಆಟದ ಹೊತ್ತಿಗೆ ಟಾಕೀಸಿಗೆ ಹೋದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಸಾಲಿನಲ್ಲಿ ನಿಂತೆ. ಗೇಟಿನಲ್ಲಿ ಉದ್ದಕ್ಕೆ, ಸಣ್ಣಗೆ ಇದ್ದ ಹೆಂಗಸು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ದನಿ ಸ್ವಲ್ಪ ಒಡೆದಿತ್ತು. ಕೈ ಟಿಕೆಟ್ ಹರಿಯುತ್ತಿತ್ತು, ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ನನ್ನ ಮುಂದಿದ್ದ ಅಜ್ಜಿ, "ಏನವ್ವ ಕತೆ ಇದು? ಹೊಡೆದಾಟ ಬಡಿದಾಟ ಆದ್ರೆ ನಾ ಒಲ್ಲೆ" ಅಂದಿತು.

ಜೈತೂನ್‌ಬಿ ತಲೆ ಎತ್ತದೆ ಹೇಳಿದಳು: "ಒಂದು ಮದುವೆ ಮನೆ ಕಣಜ್ಜಿ. ಉಂಡು ಮಲಗಿದಾಗ ಒಂಬತ್ತು ಜನ. ಬೆಳಿಗ್ಗೆ ಕಾಫಿ ಕೊಡಾಕೆ ಬಂದು ಎಣಿಸಿದ್ರೆ ಒಂಬತ್ತೇ ಜನ. ಆದ್ರೆ ಮದುಮಗಳು ಅವಳಲ್ಲ."

ಅಜ್ಜಿಯ ಬಾಯಿ ತೆರೆದೇ ಇತ್ತು. "ಮತ್ತೆ ಅವಳೆಲ್ಲಿ ಹೋದ್ಲು?"

"ಮುಂದಕ್ಕೆ ನಡೀರಿ, ಲೈನ್ ಐತೆ."

ಅಷ್ಟೇ. ಅಜ್ಜಿ ಒಳಗೆ ಓಡಿತು. ಹಿಂದೆ ನಿಂತಿದ್ದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಹೋದರು. ಆ ಪಿಕ್ಚರನ್ನು ನಾನು ಕೊನೆಯಿಂದ ಮೊದಲಿನವರೆಗೆ ಬಲ್ಲೆ. ಆದರೂ ನನಗೇ ಇನ್ನೊಮ್ಮೆ ನೋಡಬೇಕು ಅನ್ನಿಸಿತು. ನಾನು ಒಳಗೆ ಹೋಗಲಿಲ್ಲ. ಟಿಕೆಟನ್ನು ಅಂಗೈಯಲ್ಲಿ ಮುದ್ದೆ ಮಾಡಿಕೊಂಡು ತಂಗಿಯ ಮನೆಗೆ ವಾಪಸು ನಡೆದೆ.

ಮುಂದಿನ ತಿಂಗಳು ನಮ್ಮಲ್ಲಿಗೆ ಒಂದು ಪಿಕ್ಚರ್ ಬಂತು. ಹಳೆಯ ಕಾಲದ ದೊಡ್ಡ ಮನೆ, ಅದರ ಹಿತ್ತಲ ಬಾವಿಗೆ ಒಬ್ಬೊಬ್ಬರೇ ಬಿದ್ದು ಸಾಯುತ್ತಾರೆ. ಜನ ಅದನ್ನು ಬಾವಿ ಪಿಕ್ಚರ್ ಅನ್ನುತ್ತಿದ್ದರು. ನಾನು ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಅರ್ಧ ಕಥೆ ಹೇಳುವುದನ್ನು ಅಭ್ಯಾಸ ಮಾಡಿದೆ. ನಮ್ಮ ಮನೆಯವರು ಕೇಳಿ ಚೆನ್ನಾಗಿದೆ ಅಂದರು. ಗೇಟಿನಲ್ಲಿ ನಿಂತು, ಸಾಲು ಬಂದ ಕೂಡಲೇ ಶುರುಮಾಡಿದೆ: "ಒಂದು ದೊಡ್ಡ ಮನೆ ಕಣ್ರಮ್ಮ. ಹಿತ್ತಲಲ್ಲಿ ಒಂದು ಬಾವಿ. ಮನೇಲಿ ಒಬ್ಬಳು ಕುಂಟಿ ಮುದುಕಿ ಇರ್ತಾಳೆ ನೋಡಿ, ಅವಳ ಕಾಲು ಸರಿಯಾಗೇ ಇರ್ತದೆ..."

ಮಾತು ಬಾಯಿಂದ ಬಿದ್ದ ಮೇಲೆ ನನಗೆ ಅರಿವಾಯಿತು. ಕೊನೆಯನ್ನೇ ಮೊದಲು ನೋಡಿದವಳ ನಾಲಿಗೆಯ ತುದಿಯಲ್ಲಿ ಕೊನೆಯೇ ಇರುತ್ತದೆ. ಹೆಂಗಸರು ಆಟಕ್ಕೇನೋ ಹೋದರು. ಆದರೆ ಪರದೆಯ ಮೇಲೆ ಮುದುಕಿ ಕೋಲೂರಿಕೊಂಡು ಬಂದಾಗಲೆಲ್ಲ ಇಡೀ ಹೆಂಗಸರ ಕ್ಲಾಸು ಒಂದೇ ಬಾಯಲ್ಲಿ ಹೀರೋಗೆ ಕೂಗಿ ಹೇಳತೊಡಗಿತು, "ನಡೀತಾಳೆ ಕಣಪ್ಪ ಅವ್ಳು, ಆ ಕೋಲು ಕಿತ್ಕ." ಗಂಡಸರು ಹಲಗೆ ಗೋಡೆ ಗುದ್ದಿ ಬೈದರು. ಇಂಟರ್ವೆಲ್ಲಿನಲ್ಲಿ ಮ್ಯಾನೇಜರ್ ಶೇಷಗಿರಿಯವರು ನನ್ನ ಹತ್ತಿರ ಬಂದರು. ಅವರು ದನಿ ಏರಿಸಿ ಮಾತಾಡಿದವರೇ ಅಲ್ಲ.

"ನಾಗರತ್ನಮ್ಮ, ಪಿಕ್ಚರ್ ತೋರಿಸೋಕೆ ಅಂತ ಆಪರೇಟರಿಗೆ ಸಂಬಳ ಕೊಡ್ತಾ ಇದೀವಿ. ನೀವ್ಯಾಕೆ ತೋರಿಸ್ತೀರಿ?"

ಇದು ಹೇಗೋ ಬಸ್ಸಿನ ಮೇಲಿನ ಪೆಟ್ಟಿಗೆಯ ಜೊತೆಗೆ ಶಿರಾವರೆಗೂ ಹೋಗಿತ್ತು. ಜೈತೂನ್‌ಬಿ ಕೇಳಿ ನಕ್ಕಳಂತೆ. ನಕ್ಕಳೋ ಇಲ್ಲವೋ, ನಕ್ಕಳು ಅಂತ ಕಂಡಕ್ಟರ್ ಹೇಳಿದ. ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ಎಷ್ಟೋ ವರ್ಷ ಹೀಗೇ ನಡೆಯಿತು. ಅವಳ ಟಾಕೀಸಿಗೆ ಹೊಸ ಫ್ಯಾನು ಬಂದರೆ ನನಗೆ ಸೆಖೆಯಾಗುತ್ತಿತ್ತು. ಬುಕ್ಕಾಪಟ್ಟಣದಿಂದ ಗಾಡಿ ಕಟ್ಟಿಕೊಂಡು ಹೆಂಗಸರು ಅವಳ ಬಾಯಿಂದ ಕಥೆ ಕೇಳಲು ಬರುತ್ತಾರೆ ಅನ್ನುವ ಸುದ್ದಿ ಬಂದ ದಿನ ನಾನು ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಮರೆತೆ. ನಮ್ಮ ಮನೆಯವರು ತಟ್ಟೆ ಮುಂದಿಟ್ಟುಕೊಂಡು, "ಇವತ್ತು ಸಿರಾದಿಂದ ಏನೋ ಸುದ್ದಿ ಬಂದಿರೋ ಹಂಗಿದೆ" ಅನ್ನುತ್ತಿದ್ದರು.

ಎಂಬತ್ತರ ಆಸುಪಾಸು, ಬೇಸಿಗೆ ರಜೆಗೆ ಮೊದಲು, ಸಾಹುಕಾರರಿಗೆ ಒಂದು ಯೋಚನೆ ಹೊಳೆಯಿತು. ನಾಲ್ಕೂ ಊರಲ್ಲಿ ಏಳು ದಿನ, ದಿನಕ್ಕೊಂದರಂತೆ ಹಳೆಯ ಸಸ್ಪೆನ್ಸ್ ಪಿಕ್ಚರುಗಳು. ಇದ್ದುದರಲ್ಲಿ ಅತಿ ಒಳ್ಳೆಯವನ್ನೇ ಆರಿಸಿ ತರಿಸಬೇಕು. ಒಂದು ಬೆಳಿಗ್ಗೆ ಮಧುಗಿರಿಯ ಟಾಕೀಸಿನಲ್ಲೇ ಸಭೆ ಕರೆದರು. ಮುಂದಿನ ಕುರ್ಚಿಗಳನ್ನು ತಿರುಗಿಸಿ ಸುತ್ತ ಹಾಕಿದ್ದರು. ಶೇಷಗಿರಿಯವರು, ಪಾವಗಡ ಟೆಂಟಿನ ಮ್ಯಾನೇಜರ್ ಓಬಳೇಸು, ಕೊರಟಗೆರೆಯವರು ಒಬ್ಬರು, ಜೊತೆಗೆ ನಾವಿಬ್ಬರು ಹೆಂಗಸರು. ಜೈತೂನ್‌ಬಿಯನ್ನು ನಾನು ಎದುರಾಬದುರು ಕೂತು ನೋಡಿದ್ದು ಅದೇ ಮೊದಲು. "ಆರಾಮಾ ಅಕ್ಕ?" ಅಂದಳು. ನಾನು ತಲೆ ಆಡಿಸಿದೆ.

"ಹೆಂಗಸರು ಬರದೆ ಇದ್ರೆ ಏಳು ದಿನ ನಿಲ್ಲಲ್ಲ. ಅದಕ್ಕೆ ಇವರಿಬ್ಬರನ್ನೂ ಕರೆಸಿದೀನಿ" ಅಂದರು ಸಾಹುಕಾರರು. "ಮೊದ್ಲು ಯಾವುದು ಸಸ್ಪೆನ್ಸು ಅಂತ ತೀರ್ಮಾನ ಆಗ್ಲಿ. ನನ್ನ ಲೆಕ್ಕದಲ್ಲಿ ಕೊಲೆ ಇರಬೇಕು, ಕೊಂದೋನು ಕೊನೇಲಿ ಸಿಗಬೇಕು. ಮಿಕ್ಕಿದ್ದೆಲ್ಲ ಸಂಸಾರ."

ಓಬಳೇಸುವಿನ ಮಾತಿನಲ್ಲಿ ಅರ್ಧ ತೆಲುಗು. "ಅಂಗಾದ್ರೆ ಬಂಗ್ಲೆ ಪಿಕ್ಚರ್ ಸೇರಲ್ವಾ ಸಾರ್? ಅದ್ರಾಗೆ ಕೊಲೆ ಇಲ್ಲ, ದೆಯ್ಯಂ ಐತೆ. ಮಾ ಪಾವಗಡ ಜನ ಮೂಡು ಸಾರ್ಲು, ಮೂರು ಸಲ ನೋಡವ್ರೆ."

"ದೆವ್ವದ್ದು ಬೇರೆ, ಸಸ್ಪೆನ್ಸ್ ಬೇರೆ" ಅಂದರು ಶೇಷಗಿರಿಯವರು.

ಜೈತೂನ್‌ಬಿ ಕೇಳಿದಳು: "ಕೊನೇಗೆ ದೆವ್ವದ ಮುಸುಕು ತೆಗೀತಾರಾ ಓಬಳೇಸಣ್ಣ? ಒಳಗೆ ಯಾರು ಅಂತ ಹೇಳಬ್ಯಾಡಿ. ಮನುಷ್ಯ ಇದ್ರೆ ಹೂಂ ಅನ್ನಿ, ಇಲ್ದಿದ್ರೆ ಉಹೂಂ ಅನ್ನಿ, ಸಾಕು."

"ಹೂಂ."

"ಅಂಗಾದ್ರೆ ಸೇರ್ಸಿ ಸಾಹುಕಾರ್ರೆ. ಮುಸುಕಿನೊಳಗೆ ಮನುಷ್ಯ ಸಿಕ್ಕಿದ್ರೆ ಸಸ್ಪೆನ್ಸು. ಸಿಗದೆ ಇದ್ರೆ ಅದು ಭಕ್ತಿ ಪಿಕ್ಚರು."

ಎಲ್ಲರೂ ನಕ್ಕರು. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಇಷ್ಟು ಚೆನ್ನಾಗಿ ಅಲ್ಲ, ಆದರೆ ಇದನ್ನೇ. ಹೂಂ ಅನ್ನಿ, ಉಹೂಂ ಅನ್ನಿ ಅನ್ನುವುದೆಲ್ಲ ಅವಳ ಬಡಿವಾರ ಅಂದುಕೊಂಡೆ.

ನಾನು ಹಳದಿ ಕಾರಿನ ಪಿಕ್ಚರ್ ಎತ್ತಿಕೊಂಡೆ. ಅದರಲ್ಲಿ ಹಳದಿ ಕಾರಿನವನೇ ಕೊಲೆಗಾರ ಅಂತ ಮೊದಲ ರೀಲಿನಲ್ಲೇ ತೋರಿಸಿಬಿಡುತ್ತಾರೆ. ಅವನು ಮುಂದೆ ಯಾರ ಮನೆಗೆ ಹೋಗುತ್ತಾನೆ, ಸಿಕ್ಕಿಬೀಳುತ್ತಾನೋ ಇಲ್ಲವೋ ಅನ್ನುವುದೇ ಕಥೆ. "ಮಗೂಗೆ ಹಾಲು ಕುಡಿಸೋದು ಮರೆತು ನೋಡಿದ್ದಾರೆ ಸಾಹುಕಾರ್ರೆ, ನಾನೇ ಕಣ್ಣಾರೆ ಕಂಡಿದೀನಿ. ಅದು ಸಸ್ಪೆನ್ಸ್ ಅಲ್ದೆ ಇನ್ನೇನು?"

"ಅದು ಭಯ ಕಣಕ್ಕ" ಅಂದಳು ಜೈತೂನ್‌ಬಿ, ಬಹಳ ಮೆತ್ತಗೆ. "ಹಾವು ಮೂಲೇಲೈತೆ ಅಂತ ಗೊತ್ತಿದ್ರೆ ಭಯ. ಮನೇಲಿ ಹಾವೈತೆ, ಎಲ್ಲೈತೆ ಅಂತ ಗೊತ್ತಿಲ್ಲ ಅಂದ್ರೆ ಸಸ್ಪೆನ್ಸು."

ಸಾಹುಕಾರರು ತೊಡೆ ತಟ್ಟಿದರು. ಹಳದಿ ಕಾರು ಹೋಯಿತು. ಬಾವಿ ಪಿಕ್ಚರ್ ಉಳಿಯಿತು, ಮದುಮಗಳ ಪಿಕ್ಚರ್ ಉಳಿಯಿತು, ಬಂಗಲೆ ಸೇರಿತು. ಅವಳಿಜವಳಿಯ ಪಿಕ್ಚರಿನಲ್ಲಿ ತಮ್ಮನೇ ಕೊಂದದ್ದು ಅಂತ ಕುರುಡನಿಗೂ ತಿಳಿಯುತ್ತದೆ ಅಂತ ಕೊರಟಗೆರೆಯವರು ಹಟ ಹಿಡಿದರು. ಅರ್ಧ ಗಂಟೆ ಕೂಗಾಟವಾಗಿ ಅದೂ ಉಳಿಯಿತು. ಇನ್ನೆರಡು ಜಗಳವಿಲ್ಲದೆ ಸೇರಿ ಆರಾಯಿತು. ಏಳನೆಯದಕ್ಕೆ ಯಾರಲ್ಲೂ ಹೆಸರಿರಲಿಲ್ಲ.

ನನ್ನ ಮನಸ್ಸಿನಲ್ಲಿ ಒಂದಿತ್ತು. ಯಾರೂ ಅದನ್ನು ಸಸ್ಪೆನ್ಸ್ ಅಂದವರಲ್ಲ. ಆದರೂ ಅದರ ಕಥೆ ಹೇಳಿದೆ. ಒಬ್ಬ ಗಂಡ ಒಲೆಯ ಮೇಲೆ ಎಸರು ಕುದಿಯುತ್ತಿರುವಾಗ ಉಪ್ಪು ತರಲು ಅಂಗಡಿಗೆ ಹೋಗುತ್ತಾನೆ. ಬರುವುದಿಲ್ಲ. ಹೆಂಡತಿ ಮಕ್ಕಳನ್ನು ಸಾಕುತ್ತಾಳೆ. ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

"ಅದು ಅಳೋ ಪಿಕ್ಚರ್ ಕಣಮ್ಮ" ಅಂದರು ಸಾಹುಕಾರರು. "ಸಂಸಾರ."

"ಗಂಡ ಎಲ್ಲಿಗೆ ಹೋದ ಅನ್ನೋದಕ್ಕಿಂತ ದೊಡ್ಡ ಗುಟ್ಟು ಹೆಂಗಸರಿಗೆ ಯಾವುದಿದೆ ಸಾಹುಕಾರ್ರೆ? ಕೊಲೆ ಯಾರ್ ಮನೇಲಿ ಆಗ್ತದೆ? ಇದು ಯಾರ್ ಮನೇಲಿ ಬೇಕಾದ್ರೂ ಆಗ್ತದೆ" ಅಂದೆ.

ಸಭೆ ಗಪ್ಪಾಯಿತು. ಶೇಷಗಿರಿಯವರು ಕನ್ನಡಕ ತೆಗೆದು ಒರೆಸಿದರು. ಓಬಳೇಸು ನೆಲ ನೋಡಿದ. ನನ್ನ ಮಾತು ಮೊದಲ ಸಲ ನಾಟಿತು ಅಂತ ನಾನು ಒಳಗೊಳಗೇ ಬೀಗಿದೆ.

ಆಗ ಜೈತೂನ್‌ಬಿ ಬಾಯಿ ತೆರೆದಳು. "ಅಕ್ಕ ಹೇಳೋದು ದಿಟ. ಅದೇ ದೊಡ್ಡ ಸಸ್ಪೆನ್ಸು. ಸತ್ತಿದ್ರೆ ಅತ್ತು ಸುಮ್ಮನಾಗಬೌದು. ಬುಟ್ಟು ಹೋಗಿದ್ರೆ ಬೈದು ಸುಮ್ಮನಾಗಬೌದು. ಆ ಹೆಂಗ್ಸು ಒಂದಿನ ಎಸರಿಗೆ ನೀರಿಡ್ತಾಳೆ ನೋಡಿ, ಅವಳು ತನಗೂ ಮಕ್ಕಳಿಗೂ ಅಂತ ನೀರಿಟ್ಟವಳೋ ಅವನಿಗೂ ಸೇರ್ಸಿ ಇಟ್ಟವಳೋ ಅಂತ ಅವಳಿಗೇ ಗೊತ್ತಿಲ್ಲ. ಅದನ್ನ ನೋಡಾಕೆ ಹೆಂಗಸರು ಬತ್ತಾರೆ. ನಾನು ಕರೀತೀನಿ ಬುಡಿ."

ಸಾಹುಕಾರರು, "ಆಯ್ತು, ಜೈತೂನ್‌ಬಿ ಹೇಳಿದ ಪಿಕ್ಚರೇ ಏಳನೇದು" ಅಂದುಬಿಟ್ಟರು. ನನ್ನ ಪಿಕ್ಚರು ನನ್ನ ಕಣ್ಣೆದುರಿಗೇ ಅವಳದಾಯಿತು. ನನ್ನನ್ನು ವಿರೋಧಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಒಪ್ಪಿಕೊಂಡು ಕಿತ್ತುಕೊಂಡವಳ ಜೊತೆ ಹೇಗೆ ಜಗಳವಾಡುವುದು?

ಏಳು ದಿನದಲ್ಲಿ ನಾಲ್ಕೂ ಊರಲ್ಲಿ ಹೆಚ್ಚು ಹೆಂಗಸರು ಬಂದದ್ದು ಉಪ್ಪಿನ ಪಿಕ್ಚರಿಗೆ. ಪಾವಗಡದ ಟೆಂಟಿನಲ್ಲಿ ಪಕ್ಕದ ಪರದೆ ಎತ್ತಿ ಹೊರಗೆಲ್ಲ ಕೂರಿಸಿದರಂತೆ. ನಮ್ಮಲ್ಲಿ ಆಟ ಬಿಟ್ಟ ಮೇಲೂ ಹೆಂಗಸರು ಗೇಟು ಬಿಟ್ಟು ಕದಲಲಿಲ್ಲ. ಕುರಿ ಸಾಕುವ ಮನೆಯ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ನಮ್ ಗಂಡಸ್ರು ಕುರಿ ಹೊಡ್ಕಂಡು ಹೋದ್ರೆ ತಿಂಗಳಾನುಗಟ್ಲೆ ಬರಾಕಿಲ್ಲ. ನಾವು ಇಂಗೆ ಅಳ್ತೀವಾ?" ಅಂದಳು. ಅವಳ ಸೊಸೆ ಹಿಂದಿನಿಂದ, "ನೀನು ಅಳಾಕಿಲ್ಲ, ಕುಕ್ಕರಿಸಿಕಂಡು ದಾರಿ ನೋಡ್ತಿ" ಅಂದಳು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಸಾಹುಕಾರರು ಜೈತೂನ್‌ಬಿಗೆ ರೇಷ್ಮೆ ಸೀರೆ ಕೊಟ್ಟರು, ನನಗೆ ನೂಲಿನದು. ಕೊಡುವಾಗ, "ನಿನ್ನ ಸಹಾಯಾನೂ ಇತ್ತು ಅಂತ ಅವಳೇ ಹೇಳಿದ್ಲು ಕಣಮ್ಮ" ಅಂದರು. ಆ ಸೀರೆಯನ್ನು ನಾನು ಉಡಲಿಲ್ಲ. ಬಹಳ ದಿನ ಪೆಟ್ಟಿಗೆಯಲ್ಲಿತ್ತು, ಆಮೇಲೆ ತಂಗಿಗೆ ಕೊಟ್ಟೆ.

ಮರುವರ್ಷ ಬೆಂಗಳೂರಿನ ವಿತರಕರೊಬ್ಬರು ಹೊಸ ಸಸ್ಪೆನ್ಸ್ ಪಿಕ್ಚರೊಂದನ್ನು ಟಾಕೀಸಿನವರಿಗೆ ಮೊದಲೇ ತೋರಿಸುತ್ತೇವೆ, ನೋಡಿ ಬುಕ್ ಮಾಡಿ ಅಂತ ಕರೆದರು. ಸಾಹುಕಾರರು ಶೇಷಗಿರಿಯವರ ಜೊತೆ ಜೈತೂನ್‌ಬಿಯನ್ನು ಕಳಿಸುವುದೆಂದು ಮಾಡಿದರು. ಒಬ್ಬಳೇ ಹೆಂಗಸು ಹೋಗುವುದು ಸರಿಯಲ್ಲ, ಜೊತೆಗೆ ಇನ್ನೊಬ್ಬಳಿರಲಿ ಅಂತ ನನ್ನನ್ನೂ ಸೇರಿಸಿದರು. ನಾನು ಹೋದದ್ದು ಅವಳ ಜೊತೆಗಾತಿಯಾಗಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಚಿಕ್ಕ ಹಾಲು, ಮೆತ್ತನೆಯ ಕುರ್ಚಿಗಳು. ಒಂದು ಪಿಕ್ಚರನ್ನು ನಾನು ಮೊದಲಿನಿಂದ ಸಾಲಾಗಿ ನೋಡಿದ್ದು ಅವತ್ತೇ. ಪಿಕ್ಚರಿನಲ್ಲಿ ಒಬ್ಬ ಶ್ರೀಮಂತ ಮುದುಕನಿಗೆ ಯಾರೋ ವಿಷ ಹಾಕಿದ್ದಾರೆ, ಮನೆಯಲ್ಲಿರುವ ಐವರ ಮೇಲೂ ಅನುಮಾನ. ನನಗೆ ಕಣ್ಣು ಮಿಟುಕಿಸಲು ಆಗಲಿಲ್ಲ. ಇನ್ನೇನು ಗುಟ್ಟು ಬಯಲಾಗಬೇಕು ಅನ್ನುವಾಗ ಪಕ್ಕದಲ್ಲಿದ್ದ ಜೈತೂನ್‌ಬಿ ಎದ್ದು, ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಏನೋ ತುರ್ತು ಇರಬೇಕು ಅಂದುಕೊಂಡೆ. ಮುಗಿದ ಮೇಲೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಕೂತು ರಸ್ತೆಯ ಕಡೆ ನೋಡುತ್ತಿದ್ದಾಳೆ.

"ಯಾಕೆ ಎದ್ದು ಬಂದ್ಬುಟ್ರಿ? ಈಗ ತಾನೇ ಗೊತ್ತಾಯ್ತು ಯಾರು ಅಂತ."

"ಹೇಳಬ್ಯಾಡ ಕಣಕ್ಕ." ಅವಳು ಕೈ ಅಡ್ಡ ಹಿಡಿದಳು. "ನಾನು ಕೊನೇ ರೀಲು ನೋಡಲ್ಲ."

"ಯಾವತ್ತೂ?"

"ಗೇಟ್ ತೆಗೆಯೋವಾಗ ಪರದೆಗೆ ಬೆನ್ನು ಮಾಡ್ಕಂಡು ನಿಂತ್ಕಂತೀನಿ. ಒಂದೊಂದ್ಸಲ ಕಿವಿಗೆ ಬೀಳ್ತದೆ, ಅದಕ್ಕೇನು ಮಾಡಾಕಾಯ್ತದೆ. ಗೊತ್ತಾಗ್ಬುಟ್ರೆ ನಾಳೆ ಗೇಟಲ್ಲಿ ಹೇಳಾಕೆ ನಂಗೇ ರುಚಿ ಇರಾಕಿಲ್ಲ."

ಎಷ್ಟೋ ವರ್ಷದಿಂದ ಅವಳ ಜಾಣತನ ಏನೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅವಳು ಕೊನೆಯನ್ನು ಮುಚ್ಚಿಡುತ್ತಿರಲಿಲ್ಲ, ಅವಳ ಹತ್ತಿರ ಕೊನೆಯೇ ಇರಲಿಲ್ಲ. ಇದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಾಗಿತ್ತು. ಏರಿತು. ಬೇಡ ಅಂತ ಬೆನ್ನು ಮಾಡಿ ನಿಲ್ಲುವುದು ನನ್ನಿಂದ ಈ ಜನ್ಮದಲ್ಲಿ ಆಗುವ ಕೆಲಸವಲ್ಲ.

ಶೇಷಗಿರಿಯವರು ಬಂದು ಹೇಗಿತ್ತು ಅಂತ ಕೇಳಿದರು. ನಾನು ಎಲ್ಲವನ್ನೂ ವಿವರಿಸಿದೆ, ಯಾರು ಕೊಂದದ್ದು, ಯಾಕೆ ಕೊಂದದ್ದು, ಎಲ್ಲಿ ಸ್ವಲ್ಪ ಎಳೆದಿದ್ದಾರೆ. ಅವರು ಕೇಳಿಸಿಕೊಂಡು ಜೈತೂನ್‌ಬಿಯ ಕಡೆ ತಿರುಗಿದರು. ಅವಳು, "ಆ ಕಿರಿ ಸೊಸೆ ಕೈ ತೊಳೀತಾನೇ ಇದ್ಲಲ್ಲ ಸಾರ್. ಯಾಕೆ ಅಂತ ನಂಗಿನ್ನೂ ತಲೇಲಿ ಕೊರೀತೈತೆ" ಅಂದಳು. ಅವರು ನೇರವಾಗಿ ಆಫೀಸಿಗೆ ಹೋಗಿ ಪಿಕ್ಚರ್ ಬುಕ್ ಮಾಡಿದರು.

ಆ ಪಿಕ್ಚರೂ ನಮ್ಮಲ್ಲಿಗಿಂತ ಶಿರಾದಲ್ಲೇ ಹೆಚ್ಚು ಓಡಿತು. ಕೆಲವು ವರ್ಷಗಳಲ್ಲಿ ಟಿವಿ ಬಂತು, ಊರೂರಿಗೆ ವಿಡಿಯೋ ಬಂತು. ಕೊರಟಗೆರೆಯ ಟೆಂಟು ಬಿಚ್ಚಿದರು, ಆಮೇಲೆ ಪಾವಗಡದ್ದು. ನಮ್ಮ ಟಾಕೀಸಿನ ಹಲಗೆ ಗೋಡೆ ಕಿತ್ತು ಗಂಡಹೆಂಡಿರು ಒಟ್ಟಿಗೆ ಕೂರುವ ಹಾಗೆ ಮಾಡಿದಾಗ ಹೆಂಗಸರ ಗೇಟೂ ಹೋಯಿತು. ನನ್ನನ್ನು ಕೌಂಟರಿನ ಒಳಗೆ ಕೂರಿಸಿದರು. ಅಲ್ಲಿಂದ ಪಿಕ್ಚರೂ ಕಾಣುತ್ತಿರಲಿಲ್ಲ, ಜನರ ಮುಖವೂ ಕಾಣುತ್ತಿರಲಿಲ್ಲ, ಬರೀ ಕೈಗಳು. ಶಿರಾದ್ದನ್ನು ಸಾಹುಕಾರರು ಮಾರಿದರು. ಜೈತೂನ್‌ಬಿ ಮಗಳ ಊರಿಗೆ ಹೋದಳಂತೆ. ಇದೆಲ್ಲ ಆಮೇಲಿನ ಮಾತು. ನಾನು ಹೇಳಬೇಕೆಂದು ಕೂತದ್ದು ಆ ದಿನ ಬೆಂಗಳೂರಿನಿಂದ ವಾಪಸು ಬರುವಾಗ ನಡೆದದ್ದನ್ನು.

ಪಾವಗಡದ ಬಸ್ಸು. ಮಧುಗಿರಿಯಲ್ಲಿ ಇಳಿದು ಅವಳು ಶಿರಾದ ಬಸ್ಸು ಹಿಡಿಯಬೇಕಿತ್ತು. ಶೇಷಗಿರಿಯವರು ಮುಂದೆ ಎಲ್ಲೋ ಕೂತಿದ್ದರು. ನಾವಿಬ್ಬರೂ ಹಿಂದೆ, ಅವಳು ಕಿಟಕಿಯ ಪಕ್ಕ. ಬಸ್ಸು ಕೊರಟಗೆರೆ ದಾಟಿತು. ಆಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು.

"ಆ ಉಪ್ಪಿನ ಪಿಕ್ಚರಲ್ಲಿ ಗಂಡ ಎಲ್ಲಿಗೆ ಹೋಗಿದ್ದ ಅಕ್ಕ?"

"ನೀವು ಕೊನೆ ಕೇಳಲ್ಲ ಅಂದ್ರಲ್ಲ."

"ಅದೊಂದು ಹೇಳು."

ನಾನು ಹೇಳಿದೆ. ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಕೊಲೆ ನಡೆಯುತ್ತದೆ, ಅದು ಇವನ ತಲೆಗೆ ಬರುತ್ತದೆ. ಹೆಸರು ಹೇಳಿದರೆ ಮನೆಯ ಮಾನ ಹೋಗುತ್ತದೆ ಅಂತ ಬೇರೆ ಹೆಸರು ಕೊಟ್ಟು ಜೈಲಿನಲ್ಲಿರುತ್ತಾನೆ. ನಿಜವಾದ ಕೊಲೆಗಾರ ಸಾಯುವಾಗ ಒಪ್ಪಿಕೊಂಡ ಮೇಲೆ ಬಿಡುಗಡೆಯಾಗಿ ಬರುತ್ತಾನೆ. ಕೈಯಲ್ಲಿ ಉಪ್ಪಿನ ಪೊಟ್ಟಣ ಇರುತ್ತದೆ.

"ಜೈಲಾ" ಅಂದಳು. "ಜೈಲಾದ್ರೆ ಪರವಾಗಿಲ್ಲ. ಕಾಗದ ಬರೆಯಾಕೆ ಬುಡಾಕಿಲ್ಲ ಅಂದ್ಕಬೌದು."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. "ನಮ್ಮೋರು ಬೋರ್ ಕೊರೆಯೋ ಲಾರಿ ಜೊತೆ ಹೋದೋರು. ಬಳ್ಳಾರಿ ಕಡೆ ಕೆಲಸ ಐತೆ, ಹಬ್ಬಕ್ಕೆ ಬತ್ತೀನಿ ಅಂದ್ರು. ಮಗಳು ಆಗಿನ್ನೂ ತೊಟ್ಟಿಲಲ್ಲಿದ್ಲು. ಈಗ ಸ್ಕೂಲ್ಗೆ ಹೋಯ್ತಾಳೆ. ಲಾರಿ ಓನರ್‌ನ ಕೇಳಿದ್ರೆ, ನಮ್ಮಲ್ಲಿ ಲೆಕ್ಕ ತೀರಿಸ್ಕಂಡು ಹೋದ ಅಂತಾನೆ. ಅದಕ್ಕೇ ಸಾಹುಕಾರ್ರು ನಂಗೆ ಗೇಟ್ ಕೆಲಸ ಕೊಟ್ಟಿದ್ದು. ನಿಂಗೆ ಗೊತ್ತೇ ಐತಲ್ಲ."

ನನಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಅವತ್ತು ಅವರು ಯಾಕೆ ಗಪ್ಪಾದರು ಅಂತ ನನಗೆ ಆ ಬಸ್ಸಿನಲ್ಲಿ ತಿಳಿಯಿತು. ಅವಳು ಗೇಟಿನಲ್ಲಿ ಏನು ಹೇಳುತ್ತಾಳೆ, ಹೇಗೆ ಹೇಳುತ್ತಾಳೆ ಅನ್ನುವುದು ಬಿಟ್ಟರೆ ಅವಳ ಬಗ್ಗೆ ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಅವಳ ಕಡೆ ತಿರುಗಿದೆ. ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

ಮಧುಗಿರಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಬೆಟ್ಟದ ನೆರಳು ಬಸ್ ಸ್ಟ್ಯಾಂಡಿನ ಅರ್ಧಕ್ಕೆ ಬಂದಿತ್ತು. ನಮ್ಮ ಮನೆಯವರು ಅಂಗಡಿಯಿಂದ ಎದ್ದು ಬಂದು ಸೈಕಲ್ ಹಿಡಿದುಕೊಂಡು ನಿಂತಿದ್ದರು, ಕೈಯೆಲ್ಲ ಗ್ರೀಸು. ನನ್ನ ಚೀಲ ತೆಗೆದುಕೊಂಡು ಕ್ಯಾರಿಯರಿಗೆ ಹಗ್ಗ ಸುತ್ತಿ ಕಟ್ಟತೊಡಗಿದರು. ದಿನವೂ ಮಾಡುವ ಕೆಲಸದ ಹಾಗೆ. ನಾನು ಜೈತೂನ್‌ಬಿಗೆ ಹೋಗಿಬರುತ್ತೇನೆ ಅನ್ನಲು ತಿರುಗಿದೆ.

ಅವಳು ನನ್ನನ್ನು ನೋಡುತ್ತಿರಲಿಲ್ಲ. ಹಗ್ಗ ಬಿಗಿಯುತ್ತಿದ್ದ ಇವರ ಕೈಗಳನ್ನು ನೋಡುತ್ತಿದ್ದಳು. ಆ ನೋಟವನ್ನು ಗುರುತು ಹಿಡಿಯಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಶಿರಾದ ಗೇಟಿನಲ್ಲಿ ಸೆರಗು ಹೊದ್ದು ನಿಂತು ನಾನು ಅವಳನ್ನು ನೋಡಿದ್ದು ಹಾಗೆಯೇ.

ಶಿರಾದ ಬಸ್ಸು ಬಂತು. ಹತ್ತಿ ಕೂತು ಕೈ ಎತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಇವರು ಕೇಳಿದರು, "ಇವರೇನಾ ನಿನ್ನ ಜೈತೂನ್‌ಬಿ?"

"ಹೂಂ, ಅವರೇ. ನನಗಿಂತ ಚೆನ್ನಾಗಿ ಕತೆ ಹೇಳ್ತಾರೆ" ಅಂದೆ.

ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇವರು ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಸೈಕಲ್ ತಳ್ಳಿಕೊಂಡು ಹೊರಟರು. ನಾನು ಪಕ್ಕದಲ್ಲಿ ನಡೆದೆ.